ಅಧ್ಯಕ್ಷರ ಡಿಬ್ರೀಫ್

ಡಲ್ಲಾಸ್‌ನಲ್ಲಿ ಮಾಜಿ ಫೈಟರ್ ಪೈಲಟ್ ಒಬ್ಬ ನಡೆಸಿದ ಯಶಸ್ಸಿನ ಶಿಬಿರಕ್ಕೆ ಹೋಗಿಬಂದ ಮೇಲೆ, ಹೂಸ್ಟನ್ ಪಕ್ಕದ ಕೇಟಿ ಊರಿನ ನಮ್ಮ ಕನ್ನಡ ಕೂಟದ ಅಧ್ಯಕ್ಷ ದುಷ್ಯಂತ್ ಇಲ್ಲಿನ ಸೆಕೆಯಲ್ಲೂ ಚರ್ಮದ ಜಾಕೆಟ್ ಬಿಚ್ಚಲಿಲ್ಲ. ಯುಗಾದಿ ಊಟ ಬಡಿಸುವ ಮುಂಚೆ, ವಿಮಾನ ಹಾರಿಸುವ ಮುಂಚೆ ಪೈಲಟ್‌ಗಳು ಪಟ್ಟಿ ಓದಿ ಪರೀಕ್ಷಿಸುವ ಹಾಗೆ, ಉಪ್ಪಿನಿಂದ ಹೋಳಿಗೆಯವರೆಗೆ ಒಂದೊಂದರ ಹೆಸರನ್ನೂ ಕೂಗಿ ನಮ್ಮಿಂದ ‘ಚೆಕ್’ ಅನ್ನಿಸಿದ. ಅಷ್ಟರಲ್ಲಿ ಬಿಸಿಬೇಳೆಬಾತ್ ಆರಿ ಗಟ್ಟಿಯಾಯಿತು. ಹಸಿದ ಜನ ಪಿಜ್ಜಾ ತರಿಸಿಕೊಂಡರು.

ಆಮೇಲೆ, ಅಡುಗೆ ಮಾಡಿದ್ದ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. "ಹಾರಾಟ ಮುಗಿದ್ಮೇಲೆ ಪೈಲಟ್‌ಗಳು ಕೂತು ಎಲ್ಲೆಲ್ಲಿ ಎಡವಿದ್ವಿ ಅಂತ ಡಿಬ್ರೀಫ್ ಮಾಡ್ತಾರೆ. ಅಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ. ಲೀಡರೇ ಮೊದ್ಲು ತನ್ನ ತಪ್ಪು ಒಪ್ಕೋಬೇಕು."

ಪರವಾಗಿಲ್ಲ, ಆಸಾಮಿ ಒಂದಾದರೂ ಕಲಿತು ಬಂದಿದ್ದಾನೆ ಅಂದುಕೊಂಡೆ.

ದುಷ್ಯಂತ್ ಗಂಟಲು ಸರಿಮಾಡಿಕೊಂಡ. "ನನ್ ತಪ್ಪು ಏನಪ್ಪಾ ಅಂದ್ರೆ, ನಿಮ್ಮಂಥೋರನ್ನ ನಂಬಿದ್ದು."