ಆರನೇ ಫಾರಂ ಇಲ್ಲದ ಪುಸ್ತಕ

ತಡಿ, ತಡಿ, ಈಗೇನಂದಳು ಇವಳು — ಕಥೆಯ ಪುಟದ ಮೇಲೆ ಓಡುತ್ತಿದ್ದ ಬೆರಳು ಅಲ್ಲೇ ನಿಂತಿತು, ಪುಸ್ತಕ ಬೈಂಡಿಂಗ್ ಕೆಲಸದ ಅಮ್ಮ ಮಗಳತ್ತ ತಿರುಗಿದಳು — ಅಂಬಿಗ ಬೇಕೂಂತ ಆ ಹುಡುಗೀನ ಬಿಟ್ಟು ಹೋಗಿಲ್ಲ ಅಮ್ಮ, ಆ ಕಡೆ ದಡದಲ್ಲಿ ಅವನಿಗೆ ಏನೋ ಕಷ್ಟ ಬಂದಿರತ್ತೆ, ಅಂದಳಲ್ಲ ಮಗಳು, ಎಂಟು ದಿನದಿಂದ ಅವನು ಕೆಟ್ಟವ್ನು, ನೀರಿಗೆ ದಬ್ಬು ಅಂತಿದ್ದ ಮೂರನೇ ಕ್ಲಾಸಿನ ಇದೇ ಮಗಳು! ಅಬ್ಬಬ್ಬಾ, ಎದ್ದು ಕುಣಿಯೋಣವೇ, ಬೇಡ, ಸುಮ್ಮನಿರು, ಹಕ್ಕಿ ಕೈಮೇಲೆ ಕೂತಾಗ ಚಪ್ಪಾಳೆ ತಟ್ಟುತ್ತಾರೆಯೇ, ಮೆಲ್ಲಗೆ ಕೇಳು, ಹೌದಾ ಪುಟ್ಟಿ, ಏನು ಕಷ್ಟ? ದೋಣಿ ಯಜಮಾನ ಬೈದಿರ್ಬೋದು, ಕೆಲಸ ಮುಗಿಯೋವರೆಗೂ ಬಿಟ್ಟಿರಲ್ಲ. ಅಯ್ಯೋ ನನ್ನ ಚಿನ್ನ! ಯಾರು ಹೇಳಿಕೊಟ್ಟರು ಇದನ್ನು, ಪುಸ್ತಕದಲ್ಲಂತೂ ಇಲ್ಲ, ಅಂಬಿಗ ಬಾರದ ಕಾರಣವಿದ್ದದ್ದೇ ಆರನೇ ಫಾರಮ್ಮಿನಲ್ಲಿ, ಈ ಪ್ರತಿಯಲ್ಲಿ ಅದೇ ಇಲ್ಲ, ಐದನೆಯದೇ ಎರಡು ಸಲ ಸೇರಿಕೊಂಡು ಪಾಪದ ಹುಡುಗಿಯನ್ನು ಎರಡೆರಡು ಸಲ ದಡದಲ್ಲಿ ಬಿಡುತ್ತದೆ, ಹದಿನಾರು ಪುಟದ ಫಾರಂ ಮಡಿಕೆಗಳನ್ನು ಸಾಲಿನಿಂದ ಒಂದೊಂದಾಗಿ ಎತ್ತಿ ಜೋಡಿಸುವಾಗ ಒಂದೇ ರಾಶಿಗೆ ಎರಡು ಸಲ ಕೈ ಹಾಕಿದ್ದು ಯಾರು, ಈ ಅಮ್ಮನೇ, ಆ ಸಂಜೆ ಕಣ್ಣೆಲ್ಲ ಗಡಿಯಾರದ ಮೇಲೆ, ಪುಸ್ತಕದ ಲೋಡ್ ಹೋಗೋವರೆಗೂ ಯಾರೂ ಏಳಂಗಿಲ್ಲ ಎಂದು ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ, ಸ್ಕೂಲು ಬಿಟ್ಟು ಎರಡು ಗಂಟೆಯಾಗಿತ್ತು, ಬಸ್ಸಿಳಿದು ಓಡಿ ಹೋದರೆ ಸ್ಕೂಲಿನ ಗೇಟಿನ ಹೊರಗೆ ಮಗಳೊಬ್ಬಳೇ, ಅಳಲೂ ಇಲ್ಲ, ಬೈಯಲೂ ಇಲ್ಲ, ಅಂದಿನಿಂದ ಹೂಂ, ಊಹೂಂ ಬಿಟ್ಟರೆ ಬಾಯಿಗೆ ಬೀಗ. ಕಥೆ ಓದುವಾಗ ಮಾತ್ರ ಬೀಗ ಸಡಿಲ, ಅದಕ್ಕೇ ಕೆಟ್ಟ ಪ್ರತಿಯನ್ನೇ ಮೇಸ್ತ್ರಿಯ ಕೈಕಾಲು ಹಿಡಿದು ಮನೆಗೆ ತಂದದ್ದು, ದಿನವೂ ಅಂಬಿಗ ಯಾಕೆ ಬರಲಿಲ್ಲ ಅಂತೀಯ, ಅವನಿಗೇನು ಅನ್ನಿಸಿರಬಹುದು ಎಂದು ಕೆದಕಿದ್ದು — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಬಿಗನ ಪರ ವಕಾಲತ್ತು ಅಮ್ಮನದೇ! ಇರಲಿ ಬಿಡು, ಗೆದ್ದಾಯ್ತಲ್ಲ, ಈಗ ಹೇಳಿಬಿಡಲೇ, ನೋಡು ಪುಟ್ಟಿ, ಅಮ್ಮಂಗೂ ಆವತ್ತು ಹಾಗೇ ಆಯ್ತು ಅಂತ, ನಾಲಿಗೆ ತುದಿಯಲ್ಲಿದೆ, ಹೇಳು, ಹೇಳಿಬಿಡು —

ಅಮ್ಮ, ನೀನು ಯಾವಾಗ್ಲೂ ಅಂಬಿಗಂದೇ ಕೇಳ್ತೀಯ. ಹುಡುಗೀದು ಒಂದು ಸಲಾನೂ ಕೇಳಿಲ್ಲ.

ಹೌದಲ್ಲ, ಎಂಟು ದಿನ, ಒಂದು ಸಲವೂ ಇಲ್ಲ, ಎಂಥ ಪೆದ್ದಿ ನಾನು, ಹೇಳು ಕಂದ, ಹುಡುಗಿಗೆ ಏನನ್ನಿಸ್ತು? ಮಗಳು ಪುಸ್ತಕವನ್ನು ತನ್ನ ತೊಡೆಗೆ ಎಳೆದುಕೊಂಡಳು, ಚಿತ್ರದ ಮೇಲೆ ಬೆರಳಿಟ್ಟಳು, ಒಂದೊಂದು ದೋಣಿ ಬಂದಾಗ್ಲೂ ಇದೇ ಇರ್ಬೇಕು ಅಂತ ಎದ್ದು ನಿಂತ್ಕೋತಿದ್ಲು, ಬ್ಯಾಗ್ ಹಾಕ್ಕೊಂಡು. ಆಮೇಲೆ ಬಿಚ್ಚಿಟ್ಟು ಕೂತ್ಕೋತಿದ್ಲು. ಬ್ಯಾಗೇ, ಕಥೆಯ ಹುಡುಗಿಯ ಹತ್ತಿರ ಇದ್ದದ್ದು ಬುಟ್ಟಿಯಲ್ಲವೇ, ಚಿತ್ರದಲ್ಲೂ ಬುಟ್ಟಿಯೇ, ಬ್ಯಾಗ್ ಎಲ್ಲಿಂದ — ಎರಡು ಗಂಟೆ ಹೊತ್ತು, ಸ್ಕೂಲಿನ ಮುಂದಿನ ಆ ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು, ಹನ್ನೆರಡು ಬಸ್ಸು, ಒಂದೊಂದಕ್ಕೂ ಎದ್ದು ನಿಲ್ಲುವುದು, ಬ್ಯಾಗ್ ಹೆಗಲಿಗೆ, ಇಳಿಯುವವರ ಮುಖ ನೋಡುವುದು, ಕೂರುವುದು, ಇನ್ನೊಂದು ಬಸ್ಸು, ಬ್ಯಾಗ್ ಹೆಗಲಿಗೆ, ಎದ್ದು ನಿಲ್ಲುವುದು, ಎದ್ದು ನಿಲ್ಲುವುದು —