ಏಳನೇ ಎಳೆ

ಗಂಡ ಸತ್ತ ಎಂಟನೇ ದಿನ ಹಗ್ಗದಕ್ಕ ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂತು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅಡುಗೆಮನೆಯ ನೆಲವನ್ನು ಬೆಳಿಗ್ಗೆಯಿಂದ ಎರಡು ಸಲ ಒರೆಸಿಯಾಗಿತ್ತು. ನೋಡಲು ಬಂದವರೆಲ್ಲ ಅವಳ ಮುಖವನ್ನೇ ದಿಟ್ಟಿಸುತ್ತಿದ್ದರು. ಅಲ್ಲಿ ಏನೋ ಕಾಣುತ್ತದೆಂದು ಕಾದು, ಕಾಣದೆ, ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಅಳುತ್ತಿದ್ದವರು ಅತ್ತೆ ಒಬ್ಬರೇ. ಪಾತ್ರೆ ತೊಳೆಯುತ್ತಾ ಅಳುವರು, ಬಟ್ಟೆ ಮಡಿಸುತ್ತಾ ಅಳುವರು.

"ನೀನೂ ಒಂದ್ಸಲ ಅತ್ತುಬಿಡೇ," ಎಂದಿದ್ದರು ಅತ್ತೆ. "ಒಳಗೇ ಇಟ್ಕೊಂಡ್ರೆ ಏನಾಗ್ಬೇಕು?"

"ಬರ್ತಿಲ್ಲ ಅತ್ತೆ."

ನಿಜವಾಗಿಯೂ ಬರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ರೇಡಿಯೋ ಹಾಕಿದರೆ ಸದ್ದು ಗೋಡೆ ದಾಟಿ ಬರುತ್ತದಲ್ಲ, ಮಾತು ಮಾತ್ರ ತಿಳಿಯುವುದಿಲ್ಲ, ಗಂಡ ಸತ್ತ ಸುದ್ದಿ ಅವಳಿಗೆ ಹಾಗೆ ಕೇಳಿಸುತ್ತಿತ್ತು.

ಅವಳ ಕೆಲಸ ಹಗ್ಗ ಹೆಣೆಯುವುದು. ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗಿನ ತೋಳಿನಷ್ಟು ದಪ್ಪದ ನೈಲಾನ್ ಹಗ್ಗ. ಅದರ ತುದಿಯನ್ನು ಬಿಚ್ಚಿ, ಹಿಂದಕ್ಕೆ ಬಾಗಿಸಿ, ಎಳೆಗಳನ್ನು ಹಗ್ಗದ ಮೈಯೊಳಗೇ ತೂರಿಸಿ ಕುಣಿಕೆ ಮಾಡಬೇಕು. ಗಂಟು ಹಾಕುವ ಹಾಗಿಲ್ಲ. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧಕ್ಕಿಳಿಯುತ್ತದೆ. ಹೆಣೆದರೆ ಹಗ್ಗಕ್ಕೆ ಕುಣಿಕೆ ಎಲ್ಲಿ ಶುರುವಾಯಿತೆಂಬುದೇ ಗೊತ್ತಾಗುವುದಿಲ್ಲ. ಬಂದರಿನ ಹಿಂದಿನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಈ ಕೆಲಸ ಬಲ್ಲವಳು ಅವಳೊಬ್ಬಳೇ. ಅದಕ್ಕೇ ಹಗ್ಗದಕ್ಕ ಎಂಬ ಹೆಸರು.

ಈ ಹಗ್ಗ ಬೇಕಾದದ್ದು ಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರಕ್ಕೆ. ದಡದ ಹತ್ತಿರವಾದರೆ ತಳಕ್ಕೆ ಕಂಬ ನೆಟ್ಟು ಗಾಳಿಯಂತ್ರ ನಿಲ್ಲಿಸಬಹುದು. ಗಾಳಿ ಚೆನ್ನಾಗಿ ಬೀಸುವ ಆಳದಲ್ಲಿ ಕಂಬ ನೆಡಲಾಗದು. ಅಲ್ಲಿ ಅದನ್ನು ತೇಲುವ ಕಟ್ಟೆಯ ಮೇಲೆ ನಿಲ್ಲಿಸಿ, ಮೂರು ದಿಕ್ಕಿಗೆ ಲಂಗರು ಹಾಕಿ ಹಿಡಿದಿಡಬೇಕು. ಕಟ್ಟೆಗೆ ಮೂರು ಕಾಲು. ಅದನ್ನು ರೂಪಿಸಿದ ಇಂಜಿನಿಯರ್ ಸಾರ್‌ಗೆ ಶೆಡ್ಡಿನಲ್ಲಿ ಮುಕ್ಕಾಲಿ ಸಾರ್ ಎಂದೇ ಹೆಸರು. ಅವರಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ.

ಮೊದಲ ಕಟ್ಟೆಯನ್ನು ಉಕ್ಕಿನ ಸರಪಳಿಯಿಂದ ಕಟ್ಟಿದ್ದರು. ಸರಪಳಿ ಗಟ್ಟಿ, ಆದರೆ ವಿಪರೀತ ಭಾರ. ಅದನ್ನು ಇಳಿಸಲು ದೊಡ್ಡ ಹಡಗೇ ಬೇಕು; ಅಂಥ ಹಡಗಿಗೆ ಎಲ್ಲರೂ ಸಾಲು ನಿಂತಿರುತ್ತಾರೆ; ಸಿಕ್ಕರೂ ಬಾಡಿಗೆ ಕೈಸುಡುತ್ತದೆ. ಎರಡನೇ ಲಂಗರು ಇಳಿಸುವಾಗ ಹಡಗಿನ ಮೇಲೆ ಸರಪಳಿ ಹಿಡಿತ ತಪ್ಪಿ ಓಡಿತು. ಅಲ್ಲಿ ನಿಂತಿದ್ದ ನಾಲ್ವರಲ್ಲಿ ಮೂವರು ಹಾರಿಕೊಂಡರು. ನಾಲ್ಕನೆಯವನು ಹಗ್ಗದಕ್ಕನ ಗಂಡ.

ಅವಳನ್ನು ನೋಡಿ ಮುಕ್ಕಾಲಿ ಸಾರ್ ಮೇಜಿನಿಂದ ಎದ್ದು ನಿಂತರು.

"ಇಷ್ಟು ಬೇಗ ಯಾಕಮ್ಮಾ ಬಂದ್ರಿ?"

"ಹಗ್ಗ ಬಂದಿದೆ ಅಂದ್ರು ಸಾರ್."

"ಬಂದಿದೆ. ಆದ್ರೆ... ಆಗುತ್ತಾ ನಿಮಗೆ?"

"ಆಗುತ್ತೆ."

ಮರುದಿನ ಅವಳು ಮರದ ದಬ್ಬಳ ಹಿಡಿದು ಕೂತಳು. ಹನ್ನೆರಡು ಎಳೆ. ಒಂದೊಂದು ಎಳೆಯನ್ನೂ ಆರು ಸಲ ತೂರಿಸಬೇಕು. ಒಂದು ಕುಣಿಕೆಗೆ ಎಪ್ಪತ್ತೆರಡು ಸಲ. ಕೈ ತಾನಾಗಿಯೇ ಓಡಿತು. ಸಂಜೆಯ ಹೊತ್ತಿಗೆ ಎರಡೂ ತುದಿ ಮುಗಿದಿದ್ದವು. ಯಾವಾಗಲೂ ಎರಡು ದಿನ ಹಿಡಿಯುವ ಕೆಲಸ.

ಹಗ್ಗವನ್ನು ಜಗ್ಗುವ ಯಂತ್ರಕ್ಕೆ ಸಿಕ್ಕಿಸಿ, ಮೇಲಿಂದ ಉಪ್ಪುನೀರು ಬೀಳುವಂತೆ ಮಾಡಿದರು. ಅಲೆ ಎಳೆದಂತೆ ಹತ್ತು ಸೆಕೆಂಡಿಗೊಂದು ಜಗ್ಗು, ಹಗಲೂ ರಾತ್ರಿ. ನಾಲ್ಕು ಲಕ್ಷ ಜಗ್ಗು ತಡೆದರೆ ಹಗ್ಗ ಗೆದ್ದಂತೆ. ಆಮೇಲೆ ಸರಪಳಿಯೂ ಬೇಡ, ದೊಡ್ಡ ಹಡಗೂ ಬೇಡ. ಬಂದರಿನ ಸಣ್ಣ ದೋಣಿಗಳೇ ಸಾಕು. ಸಣ್ಣ ಬಂದರುಗಳೂ ತಮ್ಮ ಗಾಳಿಯಂತ್ರ ತಾವೇ ನಿಲ್ಲಿಸಿಕೊಳ್ಳಬಹುದು. ಮುಕ್ಕಾಲಿ ಸಾರ್ ಆರು ವರ್ಷದಿಂದ ಇದನ್ನೇ ಹೇಳುತ್ತಿದ್ದರು. ಮೇಲಿನ ಆಫೀಸಿನವರು ಆರು ವರ್ಷದಿಂದ ತಲೆಯಾಡಿಸುತ್ತಿದ್ದರು, ನಂಬಿರಲಿಲ್ಲ.

ಯಂತ್ರದ ಮುಂದೆ ಕೂತು ಅಂಕಿ ನೋಡುತ್ತಿದ್ದವನು ಮೀಟರಣ್ಣ. ಸಣಕಲು ಮನುಷ್ಯ, ಮಾತು ಕಡಿಮೆ. ದಿನಾ ಬೆಳಿಗ್ಗೆ ಅವಳಿಗೆ ಅಂಕಿ ಹೇಳುವನು. ಅವಳು ಹೂಂ ಎನ್ನುವಳು. ಮನೆಗೆ ಹೋಗುವಳು, ತಟ್ಟೆಯಲ್ಲಿದ್ದುದನ್ನು ತಿನ್ನುವಳು, ಮಲಗುವಳು. ವಾರಗಳು ಹೀಗೇ ಹೋದವು.

ಯಂತ್ರ ಶುರುವಾದ ಮೂವತ್ತೊಂದನೇ ದಿನ, ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಕೈ ತೊಳೆಯುತ್ತಿದ್ದಾಗ, ಶೆಡ್ಡಿನೊಳಗೆ ಫಿರಂಗಿ ಹೊಡೆದಂಥ ಸದ್ದಾಯಿತು. ಓಡಿ ಹೋಗಿ ನೋಡಿದರೆ ಕಬ್ಬಿಣದ ಜಾಲರಿಯ ಹಿಂದೆ ಹಗ್ಗ ಸತ್ತ ಹಾವಿನಂತೆ ಬಿದ್ದಿತ್ತು. ಅಂಕಿ ಎರಡು ಲಕ್ಷ ಅರವತ್ತೊಂದು ಸಾವಿರದಲ್ಲಿ ನಿಂತಿತ್ತು.

ಮುಕ್ಕಾಲಿ ಸಾರ್ ಮೇಲಿನ ಆಫೀಸಿಗೆ ಫೋನ್ ಮಾಡಿ ಬಂದರು.

"ನಾಳೆ ಬರ್ತಾರಂತೆ," ಎಂದರು. "ನೈಲಾನ್ ನೀರಲ್ಲಿ ಸವೆಯುತ್ತೆ ಅಂತ ನಾವು ಮೊದಲೇ ಹೇಳಿರ್ಲಿಲ್ವಾ ಅಂದ್ರು. ಸರಪಳಿಗೇ ವಾಪಸ್ ಹೋಗೋಣ ಅಂತಿದ್ದಾರೆ."

ಹರಿದದ್ದು ಕುಣಿಕೆಯ ಬುಡದಲ್ಲಿ. ಎಳೆಗಳೆಲ್ಲ ಕಿತ್ತು, ಬಿಸಿಗೆ ಕರಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ನೋಡಿದವರಿಗೆ ಅದೊಂದು ಸುಟ್ಟ ಪೊರಕೆ. ಅದನ್ನು ಓದಬಲ್ಲವಳು ಅವಳೊಬ್ಬಳೇ. ಅವಳು ಅದನ್ನು ಬೆಂಚಿನ ಮೇಲಿಟ್ಟುಕೊಂಡು ದಬ್ಬಳದಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ಮೀಟರಣ್ಣ ಪಕ್ಕದಲ್ಲಿ ದೀಪ ಹಿಡಿದು ನಿಂತ. ಮೊದಲನೇ ಎಳೆ, ಆರು. ಎರಡನೆಯದು, ಆರು. ಏಳನೇ ಎಳೆಯಲ್ಲಿ ಐದಕ್ಕೇ ಮುಗಿಯಿತು. ಅವಳು ಮತ್ತೆ ಮೊದಲಿನಿಂದ ಎಣಿಸಿದಳು. ಐದೇ. ಆ ಎಳೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರಿ, ತನ್ನ ಭಾರವನ್ನು ಪಕ್ಕದವುಗಳ ಮೇಲೆ ಹಾಕಿತ್ತು. ಅವು ಒಂದೊಂದಾಗಿ ಸೋತಿದ್ದವು.

ಮೀಟರಣ್ಣನಿಗೆ ಅದು ಕಾಣಲಿಲ್ಲ. "ಏನಾದ್ರೂ ಗೊತ್ತಾಯ್ತಾ ಅಕ್ಕ?" ಎಂದ.

ಗೊತ್ತಾಗಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಯೋಚನೆ ಅವಳಿಗೆ ಬಂದು ಹೋಯಿತು, ದೂರದಲ್ಲಿ ಬಸ್ಸೊಂದು ಹೋದ ಹಾಗೆ. ಹೆದರಿಕೆ ಆಗಲಿಲ್ಲ. ನಾಚಿಕೆಯೂ ಆಗಲಿಲ್ಲ. ಅವಳು ಎದ್ದು ಇಂಜಿನಿಯರ್ ಕೋಣೆಗೆ ಹೋದಳು.

"ಹಗ್ಗದ್ದೇನೂ ತಪ್ಪಿಲ್ಲ ಸಾರ್. ನನ್ನ ಕೈತಪ್ಪು. ಏಳನೇ ಎಳೇನ ಐದೇ ಸಲ ತೂರಿಸಿದ್ದೀನಿ."

ಮುಕ್ಕಾಲಿ ಸಾರ್ ಅವಳನ್ನು ನೋಡಿದರು. ಮುಖ ಕೆಂಪಾಯಿತು.

"ಒಂದು ತಿಂಗಳು ನೀರುಪಾಲು ಮಾಡಿದ್ರಲ್ಲಮ್ಮಾ! ನಾನು ಆ ಜನಕ್ಕೆ ಏನಂತ ಮುಖ ತೋರಿಸ್ಲಿ?" ಎಂದು ಕೂಗಿದವರು ಥಟ್ಟನೆ ನಿಲ್ಲಿಸಿದರು. "ಅದನ್ನ ಹೆಣೆದಿದ್ದು ಯಾವತ್ತು?"

"ಒಂಬತ್ತನೇ ದಿನ."

ಯಾವುದರಿಂದ ಒಂಬತ್ತು ಎಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ನಂದು. ಅವತ್ತು ನಿಮ್ಮನ್ನ ಅಲ್ಲಿ ಕೂರಿಸಬಾರದಿತ್ತು. ನಂಗೆ ಹಗ್ಗದ್ದೇ ಧ್ಯಾನ ಇತ್ತು."

"ಯಾರದ್ದಾದ್ರೂ ಆಗ್ಲಿ ಸಾರ್. ಇನ್ನೊಂದು ಹೆಣೀಬೇಕಲ್ಲ."

ಮರುದಿನ ಆಫೀಸಿನವರು ಮೂವರು ಬಂದರು. ಅವಳು ಅವರ ಮುಂದೆಯೂ ಎಳೆಗಳನ್ನು ಎಣಿಸಿ ತೋರಿಸಿದಳು. ಅವರಲ್ಲಿ ಹಿರಿಯರು, "ಇದೊಂದ್ಸಲ. ಆದ್ರೆ ಎಣಿಸೋಕೆ ಇನ್ನೊಬ್ಬರು ಇರಬೇಕು," ಎಂದರು. ಅದು ನ್ಯಾಯವಾದ ಮಾತೇ. ಆದರೆ ಎಣಿಸಲು ಬರುವವರು ಯಾರಿದ್ದರು?

ಸಂಜೆ ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಅತ್ತೆಗೆ ಹೇಳಿದಳು. ಹೇಳಬೇಕೆಂದೇನಲ್ಲ, ಮೌನ ಉದ್ದವಾಗಿತ್ತು. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

"ಎಪ್ಪತ್ತೆರಡು ಸಲ ತೂರಿಸ್ತೀಯ, ಗುರುತು ಹಾಕಲ್ವಾ?"

"ಯಾವ ಗುರುತು?"

"ಅಯ್ಯೋ ನಿನ್ನ! ತಲೇಲೇ ಇಟ್ಕೊಂಡು ಎಣಿಸ್ತೀಯಾ? ನಮ್ಮ ಕಾರ್ಖಾನೇಲಿ ಅಂಗಿ ಕಾಲರ್ ಹೊಲಿಗೆಗೇ ಬಣ್ಣದ ದಾರ ಕಟ್ತಿದ್ವಿ. ಒಂದು ಹಂತಕ್ಕೆ ಒಂದು ಬಣ್ಣ. ದಾರ ಇಲ್ಲ ಅಂದ್ರೆ ಹೊಲಿಗೆ ಇಲ್ಲ. ಅಷ್ಟೇ."

ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆಯ ಮೇಜಿನಲ್ಲಿದ್ದವರು. ಅವರ ಕಣ್ಣು ತಪ್ಪಿಸಿ ಒಂದು ಸಡಿಲ ಗುಂಡಿ ಆಚೆ ಹೋದದ್ದಿಲ್ಲ. ಮಾತು ಮುಗಿಯುವಷ್ಟರಲ್ಲಿ ಅವರು ಎದ್ದು ಹೋಗಿ ಹೊಲಿಗೆ ಡಬ್ಬಿ ತಂದು, ಆರು ಬಣ್ಣದ ದಾರ ಆರಿಸುತ್ತಿದ್ದರು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವರ ಕಣ್ಣು ಒಣಗಿತ್ತು.

"ನಾನೇ ಬರ್ತೀನಿ. ನಿಮ್ಮ ಸಾರ್‌ಗೆ ಹೇಳು."

ಮುಕ್ಕಾಲಿ ಸಾರ್ ಬೇಡ ಎನ್ನಲಿಲ್ಲ. ಗೇಟಿನಲ್ಲಿ ಕಾವಲುಗಾರ ಕೊಟ್ಟ ಹೆಲ್ಮೆಟ್ ಹಾಕಿಕೊಂಡು ಅತ್ತೆ, "ಪಾತ್ರೆ ಬೋರಲು ಹಾಕಿದ ಹಾಗಾಯ್ತು," ಎಂದು ಗೊಣಗಿದರು. ಹೊಸ ಹಗ್ಗವನ್ನು ಗೋದಾಮಿನಿಂದ ಬೆಂಚಿನವರೆಗೆ ಇಬ್ಬರೂ ಎರಡು ಕಡೆ ಹಿಡಿದು ಎತ್ತಿ ತಂದರು. ಸೊಸೆ ತೂರಿಸುವಳು, ಅತ್ತೆ ಗಟ್ಟಿಯಾಗಿ ಎಣಿಸಿ, ಬಣ್ಣದ ದಾರ ಕಟ್ಟುವರು. ಒಂದು ಸಲ ಅವಳ ಕೈ ಮುಂದಕ್ಕೆ ಓಡಿದಾಗ ಅತ್ತೆ ಅದರ ಮೇಲೆ ಫಟ್ಟನೆ ಹೊಡೆದರು.

"ದಾರ ಕಟ್ಟೋ ತನಕ ನಿಲ್ಲು. ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ನಿನ್ನ?"

ಎರಡನೇ ದಿನ ಮಧ್ಯಾಹ್ನ, ಎರಡನೇ ಕುಣಿಕೆಯ ಅರ್ಧದಲ್ಲಿ, ಅತ್ತೆ ದಾರ ಕತ್ತರಿಸುತ್ತಾ ಕೇಳಿದರು.

"ಆ ಸರಪಳಿ ಒಂದು ಕೊಂಡಿ ಎಷ್ಟು ಭಾರ ಇರುತ್ತೆ?"

"ನಮ್ಮಿಬ್ಬರನ್ನ ಸೇರಿಸಿದಷ್ಟು."

"ಒಂದೇ ಕೊಂಡಿ?"

"ಒಂದೇ."

ಅತ್ತೆ ಹಗ್ಗದ ಮೇಲೆ ಅಂಗೈ ಇಟ್ಟರು.

"ಇದು ಅವತ್ತೇ ಇದ್ದಿದ್ರೆ?"

ಸೊಸೆ ದಬ್ಬಳವನ್ನು ಎಳೆಗಳ ಮಧ್ಯೆ ಚುಚ್ಚಿ ಸಂದು ಮಾಡಿದಳು.

"ಇದ್ದಿದ್ರೆ ಸಂಜೆ ಮನೆಗೆ ಬಂದಿರೋರು."

ತನ್ನ ದನಿಯೇ ಅವಳಿಗೆ ಬೇರೆ ಯಾರದ್ದೋ ದನಿಯಂತೆ ಕೇಳಿಸಿತು. ಅತ್ತೆ ಅಳುತ್ತಾರೆ ಎಂದುಕೊಂಡಳು. ಅತ್ತೆ ಮೂಗು ಒರೆಸಿಕೊಂಡು, ಹಸಿರು ದಾರ ಕೈಗೆತ್ತಿಕೊಂಡು, "ಏಳನೇ ಎಳೆ, ನಾಲ್ಕು. ಮುಂದಕ್ಕೆ ನಡಿ," ಎಂದರು.

ಹೊಸ ಹಗ್ಗ ಯಂತ್ರಕ್ಕೆ ಏರಿದ ನಲವತ್ತೇಳನೇ ದಿನ ಅಂಕಿ ನಾಲ್ಕು ಲಕ್ಷ ದಾಟಿತು. ಮೀಟರಣ್ಣ ಕುರ್ಚಿಯಿಂದ ಎದ್ದು ಒಂದೇ ಒಂದು ಚಪ್ಪಾಳೆ ತಟ್ಟಿ, ನಾಚಿಕೊಂಡು ಕೂತ. ಆಮೇಲೆ ಮುಕ್ಕಾಲಿ ಸಾರ್ ಹೇಳಿದಂತೆ ಹಗ್ಗವನ್ನು ಹರಿಯುವವರೆಗೂ ಜಗ್ಗಿದರು. ಹರಿದದ್ದು ಕುಣಿಕೆಯಲ್ಲಲ್ಲ, ನಟ್ಟನಡುವೆ. ಹೊಸ ಹಗ್ಗಕ್ಕೆ ಇರಬೇಕಾದ ಬಲದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇನ್ನೂ ಉಳಿದಿತ್ತು. ಸಾರ್ ಆ ತುಂಡನ್ನು ಮಗುವಿನಂತೆ ಎತ್ತಿಕೊಂಡು ಶೆಡ್ಡೆಲ್ಲ ತಿರುಗಿದರು. ಎಲ್ಲರೂ ನಕ್ಕರು. ಹಗ್ಗದಕ್ಕ ನಗಲು ನೋಡಿದಳು. ತುಟಿ ಅಗಲವಾಯಿತು, ಅಷ್ಟೇ.

ಗಾಳಿ ಇಳಿದ ತಿಂಗಳಲ್ಲಿ ಎರಡನೇ ಕಟ್ಟೆಯನ್ನು ಬಂದರಿನಿಂದ ಎಳೆದುಕೊಂಡು ಹೋದರು. ಅದರ ಮೂರು ಹಗ್ಗಗಳನ್ನೂ ಅತ್ತೆ ಸೊಸೆ ಹಾಗೇ ದಾರ ಕಟ್ಟಿ ಹೆಣೆದಿದ್ದರು. ಮೂರು ಸಣ್ಣ ದೋಣಿಗಳು ಸಾಕಾದವು. ಅವಳನ್ನೂ ಒಂದು ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು, ಕುಣಿಕೆ ಸಿಕ್ಕಿಸುವಾಗ ನೋಡಲೆಂದು. ಇಬ್ಬರು ದೋಣಿಯ ಅಂಚಿನಲ್ಲಿ ನಿಂತು ಹಗ್ಗದ ತುದಿಯನ್ನು ಕೊಕ್ಕೆಯಿಂದ ಎತ್ತಿ, ಕಟ್ಟೆಯ ಕಾಲಿಗೆ ಸಿಕ್ಕಿಸಿ, ಕೀಲು ಹೊಡೆದರು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಮೂರು ಕಾಲಿಗೂ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸರಪಳಿಯಾಗಿದ್ದರೆ ಮೂರು ದಿನ ಎಂದ ದೋಣಿಯವನು. ಇದೇ ನೀರಿನಲ್ಲಿ, ಇಲ್ಲೇ ಎಲ್ಲೋ, ಎಂದು ಅವಳು ನೆನಪಿಸಿಕೊಂಡಳು. ನೀರು ಬೂದುಬಣ್ಣಕ್ಕಿತ್ತು. ಅದನ್ನೇ ನೋಡಿದಳು. ಎದೆಯಲ್ಲಿ ಏನೂ ಏಳಲಿಲ್ಲ. ದೋಣಿ ತಿರುಗಿತು.

ಮನೆಯಲ್ಲಿ ಅತ್ತೆ, "ಹೇಗಾಯ್ತು?" ಎಂದರು.

"ನಿಂತ್ಕೊಂಡಿದೆ."

"ದಾರ ಬಿಚ್ಚಿಲ್ಲ ತಾನೆ?"

"ಇಲ್ಲ. ಹಾಗೇ ಇರ್ಲಿ ಅಂದ್ರು ಸಾರ್."

ಆ ವರ್ಷ ಹನ್ನೊಂದು ಕಟ್ಟೆಗಳಿಗೆ ಬೇಡಿಕೆ ಬಂತು. ಹೆಣೆಯುವುದನ್ನು ಕಲಿಯಲು ಆರು ಹೆಂಗಸರು ಶೆಡ್ಡಿಗೆ ಸೇರಿದರು. ಅತ್ತೆಗೆ ವಾರಕ್ಕೆ ಮೂರು ದಿನ ತಪಾಸಣೆಯ ಕೆಲಸ. ಅವರ ಗದರಿಕೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು. ಹಗ್ಗದಕ್ಕ ಬೆಂಚಿನಿಂದ ಬೆಂಚಿಗೆ ಹೋಗಿ ಕೈಹಿಡಿದು ತೋರಿಸುತ್ತಿದ್ದಳು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಅತ್ತೆ ಅದನ್ನು ಕೇಳುವುದನ್ನೂ ಬಿಟ್ಟಿದ್ದರು.

ಒಂದು ದಿನ ಕಲಿಯಲು ಬಂದವರಲ್ಲಿ ಒಬ್ಬಳು, ಎರಡು ಮಕ್ಕಳ ತಾಯಿ, ಬೆರಳು ಊದಿಸಿಕೊಂಡು ಕೇಳಿದಳು, "ಅಕ್ಕಾ, ನಿಮಗೆ ಕೈ ನೋಯಲ್ವಾ?"

ಅವಳು ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋಯುತ್ತಿತ್ತು. ಯಾವಾಗಿನಿಂದಲೋ ನೋಯುತ್ತಿತ್ತು, ಈಗ ತಿಳಿಯಿತು.

"ನೋಯುತ್ತೆ," ಎಂದಳು. "ಮನೆಗೆ ಹೋಗಿ ಬಿಸಿನೀರಲ್ಲಿ ಇಟ್ಕೋ. ಕಮ್ಮಿ ಆಗುತ್ತೆ."

ಮುಂದಿನ ಬೆಂಚಿಗೆ ಹೋದಳು.