ಹಿಂದಿನ ಎಡಚಕ್ರ

ತಂಗಿಯ ಕೆಳತುಟಿ ಸೀಳಿತ್ತು. ಕಾರಿನ ಹಿಂದಿನ ಸೀಟಿನಿಂದ ಇಳಿದವಳು ಮೇಸ್ತ್ರಿ ಅಣ್ಣನ ಮುಖ ನೋಡದೆ ಗ್ಯಾರೇಜಿನ ಮೂಲೆಗೆ ಹೋಗಿ ಹಳೇ ಟೈರಿನ ಮೇಲೆ ಕುಳಿತಳು. ಮೇಸ್ತ್ರಿ ಏನೂ ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳದಿರುವ ಅಭ್ಯಾಸ ಅವನಿಗೆ ಎಂಟು ವರ್ಷದ್ದು, ಅಂದರೆ ಅವಳ ಮದುವೆಯಷ್ಟೇ ಹಳೆಯದು.

"ಗಾಡಿ ಪೆಟ್ರೋಲ್ ಕುಡೀತಾ ಇದೆಯೋ, ಇಲ್ಲ ನಿಮ್ಮ ತಂಗಿ ಕದ್ದು ಎಲ್ಲಿಗೋ ಹೋಗಿ ಬರ್ತಾ ಇದಾಳೋ, ಇವತ್ತು ಇತ್ಯರ್ಥ ಆಗ್ಬೇಕು," ಎಂದ ಅವಳ ಗಂಡ. ದೊಡ್ಡ ಗೋದಾಮೊಂದರ ಉಸ್ತುವಾರಿ ಅವನದು. ಕಳ್ಳರನ್ನು ಹಿಡಿಯುವುದೇ ಕೆಲಸ. ಹಿಡಿದು ಹಿಡಿದು, ಮನೆಯಲ್ಲೂ ಒಬ್ಬ ಕಳ್ಳನಿಲ್ಲದಿದ್ದರೆ ಊಟ ಸೇರದಂತಾಗಿತ್ತು.

"ಮೀಟರ್ ನೋಡಿದ್ರಾ?"

"ನೋಡ್ದೆ. ಮಗಳನ್ನ ಶಾಲೆಗೆ ಬಿಟ್ಟು ಬಂದಷ್ಟೇ ತೋರಿಸುತ್ತೆ. ಅದೇ ಅನುಮಾನ. ಮೇಸ್ತ್ರಿ ತಂಗಿ ಅಲ್ವಾ, ಮೀಟರಿನ ವೈರ್ ಕಿತ್ತು ಓಡಿಸೋದು ಗೊತ್ತಿರುತ್ತೆ."

ಅವಳಿಗೆ ಗಾಡಿ ಕಲಿಸಿದವನು ಮೇಸ್ತ್ರಿಯೇ. ತನ್ನ ಕಸುಬೇ ಅವಳಿಗೆ ಮುಳುವಾಯಿತಲ್ಲ ಎಂದು ಸಂಕಟವಾಯಿತು. ಮೂರು ಸಲ ಅವಳು ಅಳುತ್ತಾ ಇದೇ ಗ್ಯಾರೇಜಿಗೆ ಬಂದಿದ್ದಳು. ಮೂರು ಸಲವೂ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಇವನೇ ವಾಪಸು ಬಿಟ್ಟು ಬಂದಿದ್ದ. ಆ ಗಾದೆ ಕಟ್ಟಿದವನ ಬಾಯಿಗೆ ಹುಳ ಬೀಳಲಿ! ಉಂಡು ಮಲಗುತ್ತಿದ್ದವನು ಗಂಡ. ಇವಳು ಏಟು ತಿಂದು ಮಲಗುತ್ತಿದ್ದಳು. ಇವತ್ತು ಕಾರಿನ ರೋಗ ಸಿಕ್ಕರೆ ಅವಳು ಉಳಿಯುತ್ತಾಳೆ, ಸಿಗದಿದ್ದರೆ ಸಂಜೆಯೊಳಗೆ ಮೂಳೆ ಮುರಿಯುತ್ತದೆ. ಮೇಸ್ತ್ರಿಗೆ ಅಷ್ಟು ಖಾತ್ರಿಯಿತ್ತು.

ಬಂಕಿಗೆ ಹೋಗಿ ಟ್ಯಾಂಕಿನ ಕಂಠಮಟ್ಟ ಪೆಟ್ರೋಲ್ ತುಂಬಿಸಿದರು. ಮೇಸ್ತ್ರಿ ಓಡಿಸಿದ, ಪಕ್ಕದಲ್ಲಿ ಗಂಡ, ಹಿಂದೆ ತಂಗಿ. ಊರಾಚೆಯ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ಗಂಡನೇ ಎಣಿಸಿದ. ನಲವತ್ತು ಕಲ್ಲು ದಾಟಿದಾಗ ಮೀಟರಿನಲ್ಲೂ ಸರಿಯಾಗಿ ನಲವತ್ತು. ಅವನ ಮುಖ ಹುಳ್ಳಗಾಯಿತು. ಅಲ್ಲೇ ಇದ್ದ ಇನ್ನೊಂದು ಬಂಕಿನಲ್ಲಿ ಮತ್ತೆ ಕಂಠಮಟ್ಟ ತುಂಬಿಸಿದರೆ ಮೂರೂವರೆ ಲೀಟರಿಗಿಂತ ಹೆಚ್ಚೇ ಹಿಡಿಯಿತು. ಲೀಟರಿಗೆ ಹದಿನಾರು ಓಡಬೇಕಾದ ಗಾಡಿ ಹನ್ನೊಂದಕ್ಕೆ ಇಳಿದಿತ್ತು. ಮೂವರ ಕಣ್ಣೆದುರೇ ಕುಡಿದಿತ್ತು.

"ನೋಡಿದ್ರಾ ಭಾವ? ಗಾಡೀದೇ ತಪ್ಪು."

"ಏನು ತಪ್ಪು? ತೋರ್ಸಿ ಮತ್ತೆ. ಇವಳೇ ಏನೋ ಕೆಡಿಸಿರ್ತಾಳೆ," ಎಂದು ಗಂಡ ಹಿಂದಕ್ಕೆ ತಿರುಗಿ, ಅವಳ ಕೆನ್ನೆಗೆ ಬಾರಿಸಿದ. ತುಟಿಯಿಂದ ಮತ್ತೆ ರಕ್ತ ಬಂತು. ಮೇಸ್ತ್ರಿ ಹಲ್ಲು ಕಚ್ಚಿ ವಾಪಸು ಓಡಿಸಿದ. ಹೇಡಿ ಎಂದು ಬೇಕಾದರೆ ಅನ್ನಿ, ಅವನೇ ತನ್ನನ್ನು ದಾರಿಯುದ್ದಕ್ಕೂ ಹಾಗೇ ಬೈದುಕೊಳ್ಳುತ್ತಿದ್ದ.

ಓಡಿಸಿ ಬಂದ ಗಾಡಿಯ ಬಾನೆಟ್ಟನ್ನು ಮೇಸ್ತ್ರಿ ಎಂದೂ ಮೊದಲು ಎತ್ತುವವನಲ್ಲ. ಮಕ್ಕಳ ಜ್ವರ ನೋಡುವ ಹಾಗೆ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿಯುತ್ತಾನೆ. ಮೂರು ಚಕ್ರ ಬೆಚ್ಚಗಿದ್ದವು. ಹಿಂದಿನ ಎಡಚಕ್ರದ ಹತ್ತಿರ ಕೈ ಒಯ್ಯಲಾಗಲಿಲ್ಲ, ಸುಟ್ಟ ವಾಸನೆ ಬೇರೆ. ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಒಳಗಿನ ಬ್ರೇಕ್ ಡ್ರಮ್ಮು ಕಾದ ಬಾಣಲೆಯಾಗಿತ್ತು. ಕಾರಿನೊಳಗೆ ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿದ್ದರೂ ಇಲ್ಲಿ ಬ್ರೇಕು ಡ್ರಮ್ಮನ್ನು ಬಿಟ್ಟಿರಲಿಲ್ಲ. ಕೇಬಲ್ಲು ಎಳೆದು ಎಳೆದು ಹಿಗ್ಗಿ, ಕವಚದೊಳಗೇ ಸಿಕ್ಕಿಕೊಂಡಿತ್ತು.

"ಹ್ಯಾಂಡ್‌ಬ್ರೇಕ್ ಹಾಕೋದು ಯಾರು ಭಾವ?"

"ನಾನೇ," ಎಂದ ಗಂಡ ಎದೆ ಸೆಟೆಸಿ. "ಎರಡೂ ಕೈಯಲ್ಲಿ, ಸೀಟಿಗೆ ಕಾಲು ಕೊಟ್ಟು ಎಳೀತೀನಿ. ಇವಳ ಕೈಲಿ ಬಿಚ್ಚೋಕಾಗ್ಬಾರ್ದು. ಶಾಲೆ ಹೊತ್ತಿಗೆ ನಾನೇ ಬಿಚ್ಚಿಕೊಡ್ತೀನಿ."

ಮೇಸ್ತ್ರಿ ಅವನನ್ನೇ ದಿಟ್ಟಿಸಿದ. ಹೆಂಡತಿಯನ್ನು ಕಟ್ಟಿಹಾಕಲು ಎಳೆದ ಬ್ರೇಕು ಗಾಡಿಯನ್ನು ಹಿಡಿದುಕೊಂಡಿದೆ, ಹಿಡಿದ ಗಾಡಿ ಪೆಟ್ರೋಲ್ ಕುಡಿದಿದೆ, ಕುಡಿದದ್ದಕ್ಕೆ ಇವಳ ತುಟಿ ಸೀಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರೆ. ಇಲ್ಲಿ ಜ್ವರ ಬರಿಸಿದವನೂ ಬರೆ ಹಾಕಿದವನೂ ಒಬ್ಬನೇ.

"ಹಾಗಾದ್ರೆ ಪೆಟ್ರೋಲ್ ಕಳ್ಳ ನೀವೇ ಭಾವ," ಎಂದು ಕೇಬಲ್ಲನ್ನು ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದ. ಇನ್ನು ತಂಗಿ ಉಳಿದಳು ಎಂದುಕೊಂಡ.

ಪೆದ್ದ. ತಪ್ಪು ತನ್ನದೆಂದು ಗೊತ್ತಾದದ್ದೇ ತಡ ಗಂಡನ ಕಣ್ಣು ಕೆಂಪಾಯಿತು. "ಅಣ್ಣ ತಂಗಿ ಸೇರ್ಕೊಂಡು ನನಗೇ ಕಳ್ಳನ ಪಟ್ಟ ಕಟ್ತೀರಾ?" ಎನ್ನುತ್ತಾ ಮತ್ತೆ ಮೂಲೆಯ ಟೈರಿನ ಮೇಲೆ ಕುಳಿತಿದ್ದವಳತ್ತ ನುಗ್ಗಿ ಅವಳ ಜುಟ್ಟು ಹಿಡಿದು ಎಳೆತಂದು ಕಾರಿನ ಬಾಗಿಲಿಗೆ ತಲೆ ಜಜ್ಜಿದ. ಒಂದು ಸಲ. ಎರಡು ಸಲ. ಬಾಗಿಲಿನ ತಗಡು ಒಳಕ್ಕೆ ಹೋಯಿತು.

ಮೂರನೆಯದಕ್ಕೆ ಮೇಸ್ತ್ರಿ ಬಿಡಲಿಲ್ಲ. ವೀಲ್ ಸ್ಪ್ಯಾನರಿನಿಂದ ಅವನ ಮೊಣಕಾಲಿಗೆ ಬೀಸಿದ. ಕುಸಿದು ಬಿದ್ದವನ ಬಲಗೈ ಮಣಿಕಟ್ಟು ಹಿಡಿದು ದರದರನೆ ಎಳೆದು, ಅಂಗೈಯನ್ನು ಡ್ರಮ್ಮಿನ ಮೇಲೆ ಒತ್ತಿದ. ಚರ್ಮ ಚುರ್ರೆಂದಿತು. ಗಂಡ ಕಿರುಚಿದ.

"ಹ್ಯಾಂಡ್‌ಬ್ರೇಕ್ ಎಳೆದ ಕೈ ಇದೇನಾ? ಕೆನ್ನೆಗೆ ಹೊಡೆದ ಕೈ ಇದೇನಾ? ಹೇಳೋ!"

"ಅಣ್ಣ, ಬಿಡು," ಎಂದಳು ತಂಗಿ. ಹಣೆಯ ರಕ್ತ ಹುಬ್ಬಿಗಿಳಿದಿತ್ತು. "ಇವತ್ತು ಪೆಟ್ರೋಲ್, ಹೋದ ತಿಂಗಳು ಉಪ್ಪು, ಅದಕ್ಕೆ ಮುಂಚೆ ಬಾಗಿಲು ತೆಗೆಯೋದು ತಡ ಆಯ್ತು ಅಂತ. ನೀನು ಎಷ್ಟು ಅಂತ ರಿಪೇರಿ ಮಾಡ್ತೀಯ?"

ಮೇಸ್ತ್ರಿ ಕೈ ಬಿಟ್ಟ. ಕಟರ್ ತಂದು ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಕತ್ತರಿಸಿದ. ಸುತ್ತಿಗೆಯಿಂದ ತಟ್ಟಿದಾಗ ಡ್ರಮ್ಮು ಸಲೀಸಾಗಿ ತಿರುಗಿತು. ಚಕ್ರ ಕೂಡಿಸಿ, ನೆಲಕ್ಕೆ ಬಿದ್ದಿದ್ದ ಕೀಲಿ ಎತ್ತಿ ಅವಳ ಕೈಗಿಟ್ಟ.

"ಕಾಲಿನ ಬ್ರೇಕು ಗಟ್ಟಿಯಾಗಿದೆ ಪುಟ್ಟಿ. ಇಳಿಜಾರಲ್ಲಿ ಮಾತ್ರ ನಿಲ್ಲಿಸ್ಬೇಡ."

"ನಮ್ಮಕ್ಕನ ಮನೆಗೆ ಹೋಗ್ತೀನಿ, ಮುನ್ನೂರು ಕಿಲೋಮೀಟರ್. ಇರೋ ಪೆಟ್ರೋಲ್ ಸಾಕಾಗುತ್ತಾ?"

"ಇನ್ನು ಹದಿನಾರು ಕೊಡುತ್ತೆ. ಹೋಗಿ, ಮನಸ್ಸು ಬದಲಾದ್ರೆ ವಾಪಸ್ ಬರೋಕೂ ಸಾಕು."

"ಬದಲಾಗಲ್ಲ," ಎಂದು ಅವಳು ಮುಖ ತೊಳೆದು, ಮಗಳನ್ನು ಕರೆದುಕೊಳ್ಳಲು ಶಾಲೆಯ ಕಡೆ ಗಾಡಿ ತಿರುಗಿಸಿದಳು.

ಗಂಡ ಏಳಲು ನೋಡಿದ. ಮೇಸ್ತ್ರಿ ಸ್ಪ್ಯಾನರ್ ತೊಡೆಯ ಮೇಲಿಟ್ಟುಕೊಂಡು ಅವನೆದುರು ಅದೇ ಹಳೇ ಟೈರಿನ ಮೇಲೆ ಕುಳಿತ.

"ಪೊಲೀಸಿಗೆ ಹೇಳ್ತೀನಿ," ಎಂದು ಅವನು ಬೆಂದ ಕೈಗೆ ಗಾಳಿ ಊದುತ್ತಾ ನರಳಿದ. "ನೀನು ಮಾಡಿದ್ದೆಲ್ಲಾ ಬರೆಸ್ತೀನಿ."

"ಬರೆಸು. ನಾನೂ ಜೊತೆಗೇ ಬರ್ತೀನಿ," ಎಂದ ಮೇಸ್ತ್ರಿ. "ಮೂರು ಸಲ ಅವಳನ್ನ ನಿನ್ನ ಮನೆ ಬಾಗಿಲಿಗೆ ವಾಪಸ್ ಬಿಟ್ಟು ಬಂದಿದ್ದು ನಾನೇ. ಮೊದಲು ಅದನ್ನ ಬರೆಸ್ಬೇಕು."